ನೀವು ಒತ್ತಿ ಹಿಡಿದ ವೈರು

ಪ್ರೀತಿಯ ಬಸಣ್ಣ ಕಾಕಾ,

ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀವಿದ್ದಾಗ ಕಾಗದದ ಅಗತ್ಯವೇ ಬೀಳಲಿಲ್ಲ. ತೆಲುಗು ಮಾತಿನ ಈ ಊರಿನಲ್ಲಿ, ಕುಷಾಯಿಗೂಡದ ಒಂದೇ ಕಟ್ಟಡದಲ್ಲಿ ನಿಮ್ಮ ಮನೆ ಕೆಳಗೆ, ನಮ್ಮದು ಮೇಲೆ. ಮೆಟ್ಟಿಲ ಮೇಲಿಂದ ಕೂಗಿದರೆ ಸಾಕಿತ್ತು. ಕೂಗಿ ಹೇಳದೆ ಬಿಟ್ಟ ಮಾತು ಒಂದೇ ಒಂದು.

ಎರ್ರಗಡ್ಡದ ಭಾನುವಾರದ ಸಂತೆಯಿಂದ ನಾನು ಗಿಟಾರು ಹೊತ್ತು ತಂದ ದಿನ ನೆನಪಿದೆಯೇ? ಜೊತೆಗೆ ಕೋಠಿಯ ಫುಟ್‌ಪಾತಿನಲ್ಲಿ ಸಿಕ್ಕ ಹದಿನಾರು ಪುಟದ ಪುಸ್ತಿಕೆ. ನಾನು ಓದಿ ಬೆಳೆದದ್ದೇ ಕಾರ್ಮಿಕ ಸಂಘದವರು ಹಂಚುತ್ತಿದ್ದ ಅಂಥ ತೆಳ್ಳನೆಯ ಪುಸ್ತಿಕೆಗಳಿಂದ. ಕೂಲಿ, ದುಡಿಮೆ, ಸಾಮ್ರಾಜ್ಯಶಾಹಿ ಎಲ್ಲವೂ ಹದಿನಾರು ಪುಟದಲ್ಲಿ ಮುಗಿಯುತ್ತಿದ್ದವು. ಇದರಲ್ಲಿ ಆರು ತಂತಿಗೆ ಆರು ಇಂಗ್ಲಿಷ್ ಅಕ್ಷರ ಕೊಟ್ಟಿದ್ದರು. ನನಗೆ ಸಿಟ್ಟು ಬಂತು. ಅವರ ಅಕ್ಷರ ನಮಗೇಕೆ, ನಮ್ಮಲ್ಲಿ ಸರಿಗಮ ಇಲ್ಲವೇ? ಆರೂ ತಂತಿಗಳನ್ನು ಸ ರಿ ಗ ಮ ಪ ದ ಎಂದು ಶ್ರುತಿ ಮಾಡಿಬಿಟ್ಟೆ. ಕೆಲವು ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದವು. ಮೂರು ವಾರ ಇಡೀ ಕಟ್ಟಡ ನನ್ನನ್ನು ಸಹಿಸಿಕೊಂಡಿತು. ಕೊನೆಗೆ ನೀವೇ ಮೇಲೆ ಬಂದಿರಿ.

"ಸ ರಿ ಗ ಮ ಪ ದ ಐತಿ, ಖರೆ. ನಿ ಎಲ್ಲಿ ಹೋತವಾ?"

"ಮಾರಿದಾವ ಮೋಸ ಮಾಡ್ಯಾನ ಕಾಕಾ. ಏಳನೇ ತಂತಿ ಕಿತ್ತು ಇಟ್ಕೊಂಡಾನ."

ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಆಮೇಲೆ ಹೇಳಿದಿರಿ: "ನನಗ ಗಿಟಾರ ಬರಂಗಿಲ್ಲ ನೀಲವ್ವಾ, ಪೇಟಿ ಬರತೈತಿ. ಆ ಅಕ್ಷರ ಓದು, ಪೇಟಿ ಮ್ಯಾಲೆ ಹುಡುಕೂಣು."

ಸೋಮವಾರದ ಭಜನೆಗೆ ನುಡಿಸುತ್ತಿದ್ದ ನಿಮ್ಮ ಹಾರ್ಮೋನಿಯಮ್ಮಿನ ಪಟ್ಟಿಗಳ ಮೇಲೆ ಸೀಸದ ಕಡ್ಡಿಯಿಂದ ಇಂಗ್ಲಿಷ್ ಅಕ್ಷರ ಬರೆದವರು ನೀವು. ಒಂದು ತಂತಿಯಿಂದ ಮುಂದಿನ ತಂತಿಗೆ ಎಷ್ಟು ಮನೆ, ಅಂದರೆ ಎಷ್ಟು ಪಟ್ಟಿ, ಎಂದು ಇಬ್ಬರೂ ಬೆರಳಿಟ್ಟು ಎಣಿಸಿದೆವು. ನಾನು ಬಿಳಿಯವನ್ನಷ್ಟೇ ಎಣಿಸುತ್ತಿದ್ದೆ. "ಕರೀವೂ ಎಣಸು. ಕರಿ ಮನಿ ಬಿಟ್ರ ಲೆಕ್ಕ ತಪ್ಪತೈತಿ," ಎಂದು ಗದರಿದಿರಿ. ಐದು, ಐದು, ಐದು, ನಾಲ್ಕು, ಐದು. ಹಾಗೆ ಶ್ರುತಿ ಮಾಡಿ, ಪುಸ್ತಿಕೆಯ ಚುಕ್ಕಿಗಳ ಮೇಲೆ ಬೆರಳಿಟ್ಟು ಮೀಟಿದೆ. ಕಾಕಾ, ಆ ಸದ್ದು… ಸ, ಗ, ಪ ಮೂರೂ ಒಂದೇ ಉಸಿರಿನಲ್ಲಿ! "ಈಗ ಗ ಒಂದ ಮನಿ ಹಿಂದ ತಗೋ," ಎಂದಿರಿ. ತೆಗೆದೆ. ನಗುತ್ತಿದ್ದ ಸ್ವರ ಒಮ್ಮೆಲೇ ಸಪ್ಪಗಾಯಿತು. ಸಂಗೀತಶಾಸ್ತ್ರ ಎಂದು ನಾನು ಕಲಿತದ್ದೆಲ್ಲ ಆ ಒಂದು ಮನೆಯಿಂದ ಶುರುವಾಯಿತು. ಕರಿ ಮನೆ ಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂಬ ಮಾತನ್ನಂತೂ, ನಾನು ಹಾಡಲು ಹೋದ ಕೆಲಸಗಾರರ ಎಷ್ಟು ಸಭೆಗಳಲ್ಲಿ ನನ್ನದೇ ಎಂಬಂತೆ ಹೇಳಿದೆನೋ.

ಅವ್ವ ಕಂಪನಿಗಳ ಹೊಸ ಗಾಜಿನ ಕಟ್ಟಡಗಳಲ್ಲಿ ಕಸ ಗುಡಿಸುವಾಗ ಯಾರೋ ಎಸೆದ ಗುರುತಿನ ಕಾರ್ಡು ತಂದಿದ್ದಳು. ನೀವು ಅದನ್ನು ಕತ್ತರಿಸಿ, ಉಜ್ಜಿ, ತಂತಿ ಮೀಟುವ ಬಿಲ್ಲೆ ಮಾಡಿಕೊಟ್ಟಿರಿ. "ಇದನ್ನ ತೋರ್ಸಿದ್ರ ಕಂಪನಿ ಬಾಗಲಾ ತಗೀತಿತ್ತಂತ. ನೀ ಏನ್ ತಗೀತಿ ನೋಡೂಣು." ಅದು ಇನ್ನೂ ನನ್ನ ಹತ್ತಿರ ಇದೆ, ಅಂಚು ಸವೆದಿದೆ. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಬೆಸುಗೆ ಹಾಕಿದ ಕೈ ನಿಮ್ಮದು. ಹಳೆಯ ರೇಡಿಯೋ ಬಿಚ್ಚಿ, ಮೈಕಿಗೂ ಗಿಟಾರಿಗೂ ಆಗುವ ಒಂದು ಆಂಪ್ಲಿಫೈಯರ್ ಕಟ್ಟಿದಿರಿ. ಈಚೆಗೆ ಅಂಗಡಿಯ ಗಾಜಿನ ಹಿಂದೆ ಎಂಥೆಂಥವೋ ಹೊಳೆಯುವುದನ್ನು ನೋಡಿದ್ದೇನೆ. ಒಂದಕ್ಕೂ ಮನಸ್ಸು ಹೋಗಿಲ್ಲ.

ಈಗ ಜೀಡಿಮೆಟ್ಲಾದ ಆ ಸಭೆಯ ಮಾತಿಗೆ ಬರುತ್ತೇನೆ. ಬಾರದೆ ವಿಧಿಯಿಲ್ಲ. ಗುತ್ತಿಗೆ ಕೆಲಸಗಾರರು ಶಾಮಿಯಾನದಡಿ ತುಂಬಿದ್ದರು. ಬಸ್ಸಿನ ಕುಲುಕಾಟಕ್ಕೆ ಆಂಪ್ಲಿಫೈಯರಿನ ಒಂದು ವೈರು ಸಡಿಲಾಗಿತ್ತು. ನೀವು ನನ್ನ ಹಿಂದೆ ನೆಲದ ಮೇಲೆ ಕುಳಿತು, ಐದು ಹಾಡು ಮುಗಿಯುವವರೆಗೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಿ. ಹಾಡು ಹಾಡಿನ ನಡುವೆ ಒಬ್ಬ ಹುಡುಗಿ ತೆಲುಗಿನಲ್ಲಿ ಕೇಳಿದಳು, "ಎವರು ನೇರ್ಪಿಂಚಾರು ಅಕ್ಕಾ?" ಯಾರು ಕಲಿಸಿದರು ಎಂದು. ನಾನು ಮೈಕಿನಲ್ಲಿ ಎದೆಯುಬ್ಬಿಸಿ ಹೇಳಿದೆ: ಯಾರೂ ಕಲಿಸಲಿಲ್ಲ, ದುಡಿಯುವವರಿಗೆ ಗುರು ಬೇಕಿಲ್ಲ, ನಾನೇ ಕಲಿತೆ. ಚಪ್ಪಾಳೆ ಬಿತ್ತು. ಆ ಮಾತು ಜನರನ್ನು ಮುಟ್ಟಿದ್ದು ಯಾರ ಹೆಬ್ಬೆರಳಿನ ದಾರಿಯಲ್ಲಿ? ನೀವು ಬೆರಳು ತೆಗೆಯಬಹುದಿತ್ತು ಕಾಕಾ. ಯಾಕೆ ತೆಗೆಯಲಿಲ್ಲ?

ವಾಪಸು ಬಸ್ಸಿನಲ್ಲಿ ನೀವು ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು, "ಆವಾಜ್ ಭಾಳ ಛಲೋ ಬಂತವಾ. ಬರೂ ಆಯಿತವಾರ ಇದಕ ಬೆಸಿಗಿ ಹಾಕ್ತೀನಿ," ಎಂದಿರಿ. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ತಪ್ಪಾಯಿತು ಕಾಕಾ ಅಂತ ಇಳಿದ ಮೇಲೆ ಹೇಳೋಣ, ನಾಳೆ ಹೇಳೋಣ ಎಂದು… ಆ ಆಯಿತವಾರಕ್ಕೂ ಮೊದಲೇ, ಶುಕ್ರವಾರ, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತವರು ನೀವು ಏಳಲೇ ಇಲ್ಲ.

ಮೊನ್ನೆ ಮಿಯಾಪುರಕ್ಕೆ ಹೋಗಿದ್ದೆ. ಅಲ್ಲಿ ಅಪಾರ್ಟ್‌ಮೆಂಟು ಕಟ್ಟುತ್ತಿರುವ ಯಾದಗಿರಿ ಕಡೆಯವರ ತಗಡಿನ ಮನೆಗಳ ಮುಂದೆ ಹಾಡಿದೆ, ನಿಮ್ಮ ಭಜನೆಯ ಧಾಟಿಗೆ ನನ್ನ ಮಾತು ಹಾಕಿ. ಹೌದು, ಜನರನ್ನು ಮಲಗಿಸುತ್ತದೆ ಎಂದು ನಾನು ಹಂಗಿಸುತ್ತಿದ್ದ ಅದೇ ಧಾಟಿ. ಎರಡನೆಯ ಸಾಲಿಗೆ ಎಲ್ಲರೂ ದನಿಗೂಡಿಸಿದರು! ಹಾಡು ಮುಗಿದಾಗ, ಕೈಗೆಲ್ಲ ಸಿಮೆಂಟು ಮೆತ್ತಿದ ಮುದುಕಿಯೊಬ್ಬಳು ಹತ್ತಿರ ಬಂದಳು. "ಯಾರ್ ಕಲಿಸ್ಯಾರವಾ ನಿನಗ?"

ಬಾಯಿ ತೆರೆದೆ. ಅಷ್ಟರಲ್ಲಿ ಮೈಕು ಸತ್ತುಹೋಯಿತು. ಅದೇ ವೈರು. "ಆಯೀ, ಅದನ್ನ ಚೂರು ಒತ್ತಿ ಹಿಡೀರಿ," ಎಂದೆ. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೆಬ್ಬೆರಳಿಟ್ಟು ಒತ್ತಿದಳು.

"ಬಸಣ್ಣ ಕಾಕಾ," ಎಂದೆ. "ಕುಷಾಯಿಗೂಡದ ನಮ್ಮ ಬಸಣ್ಣ ಕಾಕಾ ಕಲಿಸ್ಯಾರ."

ನಿಮ್ಮ ಹೆಸರು ಎಲ್ಲಿಯೂ ಒಡೆಯದೆ ಕೊನೆಯ ತಗಡಿನವರೆಗೆ ಹೋಯಿತು ಕಾಕಾ. ಇಷ್ಟು ದಿನ ಆ ವೈರಿಗೆ ಕೈ ಹಚ್ಚಲು ನನಗೆ ಮನಸ್ಸು ಬಂದಿರಲಿಲ್ಲ. ಇವತ್ತು ಭಾನುವಾರ, ನಿಮ್ಮ ಆಯಿತವಾರ. ಕಾಕಿಯನ್ನು ಕೇಳಿ ನಿಮ್ಮ ಬೆಸುಗೆ ಕಡ್ಡಿ ತಂದು ಕಾಯಲು ಇಟ್ಟಿದ್ದೇನೆ.

ನಿಮ್ಮ ಕೈಯಲ್ಲಿ ಕಲಿತ,
ನೀಲವ್ವ