ನಿನ್ನ ಫೋನಿಗೆ ಬರುವ ಆರು ಅಂಕಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಫೋನ್ ಎತ್ತದ ನನ್ನ ಮುದ್ದಿನ ಮಗನಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಲಾರಿ ಓಡಿಸುವಾಗ ಸೊಂಟಕ್ಕೆ ದಿಂಬು ಇಟ್ಟುಕೋ ಎಂದು ನಿಮ್ಮಕ್ಕನ ಕೈಲಿ ಹೇಳಿ ಕಳಿಸಿದ್ದೆ, ಹೇಳಿದಳೋ ಮರೆತಳೋ. ನನ್ನ ಮಂಡಿಯದು ಇದ್ದದ್ದೇ, ಬಿಡು. ಮನೆಯ ನಂಬರ್ ಕಂಡರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮುಂಚೆ ಕೊನೆಯವರೆಗೆ ಓದು.

ನಿಮ್ಮಪ್ಪನ ಕಣ್ಣು ಕೈಕೊಟ್ಟಿದೆ. ನೇರ ಎದುರಿಗಿರುವುದೆಲ್ಲ ಮಸಿ ಬಳಿದಂತೆ, ಅಂಚಿನಲ್ಲಿರುವುದು ಮಾತ್ರ ಅಷ್ಟಿಷ್ಟು ಕಾಣುತ್ತದೆ. ನನ್ನ ಮುಖ ನೋಡಬೇಕಾದರೆ ಕಿಟಕಿಯ ಕಡೆ ತಿರುಗುತ್ತಾರೆ. ಮೂವತ್ತೊಂದು ವರ್ಷ ಟಾಕೀಸಿನ ಪ್ರೊಜೆಕ್ಟರ್ ರೂಮಿನಲ್ಲಿ ನಿಂತ ಮನುಷ್ಯ ಒಂದು ಸಿನಿಮಾವನ್ನೂ ನೆಟ್ಟಗೆ ನೋಡಲಿಲ್ಲ ಎಂದರೆ ನಂಬುತ್ತೀಯಾ? ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದಲ್ಲ, ಅದು ಕಂಡ ಕೂಡಲೇ ಎರಡನೇ ಯಂತ್ರ ಶುರು ಮಾಡಬೇಕು. ಎಲ್ಲಿ ತಪ್ಪಿಹೋಗುತ್ತದೋ ಎಂದು ಜೀವಮಾನವೆಲ್ಲ ಆ ಮೂಲೆಯನ್ನೇ ನೋಡಿದರು. "ಈಗ ನೋಡೇ, ಮೂಲೆ ಮಾತ್ರ ಉಳಿದಿದೆ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ ಕಣೋ. ಆ ಅಂಚೂ ದಿನದಿನಕ್ಕೆ ಕುಗ್ಗುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ.

ಅಷ್ಟರೊಳಗೆ ಒಂದೇ ಒಂದು ಸಿನಿಮಾ ನೋಡಬೇಕಂತೆ. ಅದೇ, ಕಡಲತೀರದ ದೀಪಸ್ತಂಭದ ಕಾವಲುಗಾರನದು. ನೀನು ಅಪ್ಪನ ರೂಮಿನ ಕಿಂಡಿಯಿಂದ ಕದ್ದು ಕ್ಯಾಮೆರಾದಲ್ಲಿ ಹಿಡಿದು ಗೆಳೆಯರಿಗೆ ಹಂಚಲು ಹೊರಟೆಯಲ್ಲ, ನಿಮ್ಮಪ್ಪನೇ ನಿನ್ನ ಕೊರಳಪಟ್ಟಿ ಹಿಡಿದು ಮ್ಯಾನೇಜರ್ ಮುಂದೆ ನಿಲ್ಲಿಸಿದರಲ್ಲ, ಅದು. ಹೆತ್ತ ಮಗನನ್ನು ಎಲ್ಲರೆದುರು ಕಳ್ಳ ಅಂದುಬಿಟ್ಟರು. ತಪ್ಪು ನಿನ್ನದೂ ಇತ್ತು, ಅವರದೂ ಇತ್ತು. ಹನ್ನೆರಡು ವರ್ಷದಿಂದ ನಡುವೆ ಬೇಯುತ್ತಿರುವವಳು ನಾನು.

ಈಗ ಅದೇ ಸಿನಿಮಾ ಹುಡುಕಿ ಹುಡುಕಿ ನನ್ನ ತಲೆ ಕೆಟ್ಟುಹೋಗಿದೆ. ಪಕ್ಕದ ಮನೆಯ ದರ್ಜಿ "ಅಯ್ಯೋ ಅಕ್ಕಾ, ಯಾರೋ ಕಳಿಸಿದ್ದು ನನ್ನ ಫೋನಲ್ಲೇ ಇದೆ, ತಗೊಳ್ಳಿ" ಅಂದ. ನಿಮ್ಮಪ್ಪ "ಕದ್ದ ಮಾಲು ನನ್ನ ಮನೇಲಿ ಬೇಡ" ಎಂದು ಕೂಗಾಡಿದರು. ಇವರ ಹಟ ಗೊತ್ತಲ್ಲ. ಪುಕ್ಕಟೆಯೂ ಸಿಗಬೇಕು, ನ್ಯಾಯವಾಗಿಯೂ ಸಿಗಬೇಕು! ಜಾಹೀರಾತು ತೋರಿಸಿ ಬಿಟ್ಟಿ ಸಿನಿಮಾ ಕೊಡುವ ಕಡೆ ನೋಡಿದೆ, ಬರೀ ಸೋಪಿನದೇ ದರ್ಬಾರು, ಇದು ಇಲ್ಲ. ಸಿನಿಮಾ ಮಾಡಿದ ಕಂಪನಿಯವರದೇ ಚಾನೆಲ್‌ನಲ್ಲಿ ಹಾಡುಗಳಿವೆ, ಕಥೆ ಇಲ್ಲ. ಏಳು ದಿನ ಬಿಟ್ಟಿ ಎಂದವರ ಹತ್ತಿರ ಆರು ದಿನ ತಡಕಾಡಿ, ಅಲ್ಲೂ ಇಲ್ಲವೆಂದು ದುಡ್ಡು ಕೇಳುವ ಮುಂಚೆ ಬಿಟ್ಟೆ. ಕೊನೆಗೆ ಸಿಕ್ಕಿದ್ದು ಬೀದಿ ತುದಿಯ ಲೈಬ್ರರಿಯಲ್ಲಿ. ಸದಸ್ಯರಾದವರು ಮನೆಯಲ್ಲೇ ಕೂತು ಬಿಟ್ಟಿಯಾಗಿ ನೋಡಬಹುದಂತೆ. ಮನೆಗೊಂದೇ ಕಾರ್ಡು, ನಮ್ಮದು ನೀನು ಓದುವಾಗ ಮಾಡಿಸಿದ್ದು. ಕಪಾಟಿನಲ್ಲಿ ಹಾಸಿದ ಪೇಪರಿನ ಕೆಳಗೆ ಇನ್ನೂ ಇತ್ತು! ಅದರ ಸಂಖ್ಯೆ ಹಾಕಿದೆ, ಸಿನಿಮಾ ಬಂತು. ಆದರೆ ಕಾರ್ಡಿಗೆ ಆಗ ಕೊಟ್ಟಿದ್ದು ನಿನ್ನ ನಂಬರ್; ಶುರು ಮಾಡಲು ಒತ್ತಿದರೆ, ಆ ಫೋನಿಗೆ ಬಂದ ಆರು ಅಂಕಿ ಹೇಳು ಎನ್ನುತ್ತದೆ. ಅದರ ಆಯಸ್ಸು ಹತ್ತೇ ನಿಮಿಷ. ಐದು ಸಲ ಒತ್ತಿದ್ದೇನೆ. ಯಾರೋ ಮೋಸಗಾರರು ಎಂದು ನೀನು ಅಳಿಸಿ ಹಾಕಿರುತ್ತೀಯ, ಅದೆಲ್ಲ ನಾನೇ ಕಣೋ. ಒತ್ತಿದಾಗಲೆಲ್ಲ ಇವರು ಒಗೆದ ಅಂಗಿ ತೊಟ್ಟು, ಕುರ್ಚಿ ಓರೆಯಾಗಿ ಹಾಕಿಕೊಂಡು ಕೂರುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಎದ್ದು ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. ನಾನೇನು ಮಾಡಲಿ, ನೀನೇ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೊಸೆಯನ್ನು ಕೇಳಿದೆನೆಂದು ಹೇಳು, ಮೊಮ್ಮಗಳ ಎರಡು ಕೆನ್ನೆಗೂ ನನ್ನ ಮುತ್ತು. ಎಲ್ಲೇ ಇದ್ದರೂ ತಣ್ಣಗಿರು.

ನಿನ್ನ
ಅಮ್ಮ

ಇನ್ನೊಂದು ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಇಬ್ಬರೂ ಲೈಬ್ರರಿಗೆ ಹೋಗಿದ್ದೆವು. ಅಲ್ಲಿ ಕೂರುವ ಹುಡುಗಿ "ಈ ನಂಬರ್ ತೆಗೆದು ನಿಮ್ಮದೇ ಹಾಕ್ಕೊಡ್ತೀನಿ ಅಮ್ಮಾ, ಎರಡು ನಿಮಿಷದ ಕೆಲಸ" ಅಂದಳು. ನಾನು ಹೂಂ ಅನ್ನುವಷ್ಟರಲ್ಲಿ ನಿಮ್ಮಪ್ಪ ನನ್ನ ಕೈ ಹಿಡಿದುಕೊಂಡರು. "ಬೇಡ, ಅವನ ನಂಬರೇ ಇರಲಿ" ಅಂದರು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಒತ್ತುತ್ತೇನೆ. ಮನೆಯ ಫೋನ್ ಅವರ ಕೈಯಲ್ಲಿರುತ್ತದೆ.