ಕೊಬ್ಬರಿ ಹೋಳನ್ನೇ ನೋಡಿದ ಕ್ಯಾಮೆರಾ

ಅತ್ತೆ,

ಮೊದಲು ‘ಪ್ರೀತಿಯ’ ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ನೀವು ಓದಿದ್ದರೆ, “ಏನೇ ಗೌರಿ, ಏನ್ ಬೇಕಾಗಿತ್ತೇ ನಿಂಗೆ, ಇಷ್ಟ್ ನಯ ಮಾಡ್ತಿದ್ದೀಯ?” ಎಂದೇ ಕೇಳುತ್ತಿದ್ದಿರಿ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಅಂಥ ಮಾತೆಲ್ಲ ನಮ್ಮ ನಡುವೆ ಎಲ್ಲಿತ್ತು?

ನಿಮ್ಮ ಹನ್ನೊಂದನೇ ದಿನದ ಕಾರ್ಯದ ಬೆಳಿಗ್ಗೆ, ಹಾರ ಹಾಕಲು ಫೋಟೋ ಎಲ್ಲಿ ಎಂಬ ಮಾತು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನೋಡದೆ ಇರುತ್ತಾರೆಯೇ? ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ತೋಟವೆಲ್ಲ ಸುತ್ತುತ್ತಿದ್ದವಳು ನಾನೇ ತಾನೆ. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ತುರುವೇಕೆರೆಯಲ್ಲಿ ದೊಡ್ಡದು ಮಾಡಿಸಿ ತಂದರು. ಅದರಲ್ಲಿ ನೀವು ಯಾರಿಗೋ ಬೈಯಲು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸಿದ ಹಾಗಿದ್ದೀರಿ. ಸಂಪಿಗೆ ಊರಿನಿಂದ ಬಂದಿದ್ದ ನಿಮ್ಮ ತಂಗಿ ಎಲ್ಲರ ಮುಂದೆಯೇ, “ಮನೇಲಿ ಕ್ಯಾಮೆರಾ ಮಡಿಕ್ಕಂಡು ಅತ್ತೇದೊಂದು ಫೋಟೋ ತಗೀಲಿಲ್ವಲ್ಲೇ ತಾಯಿ” ಎಂದರು. ತೆಗೆದಿದ್ದೆ ಅತ್ತೆ, ಹತ್ತೊಂಬತ್ತು ತೆಗೆದಿದ್ದೆ. ಹತ್ತೊಂಬತ್ತರಲ್ಲೂ ನಿಮ್ಮ ಮುಖ ಇರಬೇಕಾದ ಕಡೆ ಬರೀ ಕಪ್ಪು. ಅದನ್ನು ಅವರಿಗೆ ಹೇಗೆ ಹೇಳಲಿ... ವರ್ಷದ ಕಾರ್ಯದೊಳಗೆ ನಿಮ್ಮದೊಂದು ಸರಿಯಾದ ಫೋಟೋ ಗೋಡೆಗೆ ಬರಬೇಕು, ಬರದಿದ್ದರೆ ಯಾಕೆ ಬರಲಿಲ್ಲ ಎಂಬುದಾದರೂ ನನಗೆ ಗೊತ್ತಾಗಬೇಕು ಎಂದು ಅವತ್ತೇ ಹಟ ಹಿಡಿದೆ.

ಆ ಕ್ಯಾಮೆರಾ ಮನೆಗೆ ಬಂದ ದಿನ ನಿಮಗೆ ನೆನಪಿದೆಯೇ? ಚಿಕ್ಕನಾಯಕನಹಳ್ಳಿಯಲ್ಲಿ ಮದುವೆ ಫೋಟೋ ತೆಗೆಯುವ ನನ್ನ ತಮ್ಮ ನಾಗ, ತಾನು ಹೊಸದು ತೆಗೆದುಕೊಂಡು ಹಳೆಯದನ್ನು ನನಗೆ ಕೊಟ್ಟಿದ್ದ. ನೀವು ಅದನ್ನು ಕೈಯಲ್ಲಿ ಎತ್ತಿ ನೋಡಿ, “ಎಲ್ಡ್ ಕಾಯಿ ತೂಕ ಐತೆ, ಇದ್ನ ಹೊತ್ಕಂಡು ಏನ್ ಮಾಡ್ತೀಯೇ?” ಎಂದಿರಿ. ಅದು ಬೈಗುಳವೋ ತಮಾಷೆಯೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಾಗ ಮಾತ್ರ, “ಅಕ್ಕ, ಆಟೋದಲ್ಲಿ ಮಡಗಿ ಒತ್ತು, ಉಳಿದಿದ್ದು ಅದೇ ನೋಡ್ಕಳ್ತೈತೆ” ಎಂದು ಹೇಳಿ ಹೋದ. ಉಳಿದದ್ದೆಲ್ಲ ಅದೇ ನೋಡಿಕೊಳ್ಳುವುದಾದರೆ ಮೈತುಂಬ ಇಷ್ಟೊಂದು ಗುಂಡಿ ಯಾಕೆ? ನನಗೆ ಅಲ್ಲಿಂದಲೇ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು.

ಹೋದ ವರ್ಷ ಅಟ್ಟದ ಮೇಲೆ ಕಾಯಿ ನೋಡಲು ನನ್ನನ್ನೂ ಕರೆದಿದ್ದಿರಿ. ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ತಿಳಿಯುವ ಕೆಲಸ. ಬೇಗ ಮುಗಿಯಲಿ ಎಂದು ನಾನು ಎರಡು ಕೈಯಲ್ಲೂ ಒಂದೊಂದು ಹಿಡಿದು ಅಲ್ಲಾಡಿಸಿದೆ. ಕೈಮೇಲೆ ಒಂದು ಏಟು ಬಿತ್ತು. “ಒಂದೊಂದೇ ಅಲ್ಲಾಡ್ಸೇ. ಎಲ್ಡೂ ಒಟ್ಗೆ ಅಲ್ಲಾಡ್ಸಿದ್ರೆ ಯಾವ್ದು ಸದ್ದು ಮಾಡ್ತು ಅಂತ ಹೆಂಗೆ ಗೊತ್ತಾಯ್ತದೆ?” ನೀವು ಹೋದ ಮೇಲೆ ಕ್ಯಾಮೆರಾ ಕಲಿತದ್ದು ಇದೊಂದೇ ಮಾತಿನಿಂದ. ಅಲ್ಲಿಯವರೆಗೆ ಮೂರು ಗುಂಡಿಯನ್ನು ಒಟ್ಟಿಗೇ ತಿರುಗಿಸಿ, ಫೋಟೋ ಯಾಕೆ ಕೆಟ್ಟಿತು ಎಂದು ಪೇಚಾಡುತ್ತಿದ್ದೆ. ಈಗ ಒಂದನ್ನು ಮಾತ್ರ ಬದಲಿಸುವುದು, ತೆಗೆಯುವುದು, ನೋಡುವುದು. ಮೊದಲು ಶಟರ್, ಅಂದರೆ ಬೆಳಕಿಗೆ ಬಾಗಿಲು ತೆರೆದಿಡುವ ಹೊತ್ತು. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟರೆ ಕಾಳು ಹೆಕ್ಕುವ ಕೋಳಿ ಕೊಕ್ಕು ಎತ್ತಿದಲ್ಲೇ ನಿಲ್ಲುತ್ತದೆ. ಹದಿನೈದರಲ್ಲೊಂದಕ್ಕೆ ಇಟ್ಟರೆ ಕೋಳಿಯೇ ಇಲ್ಲ, ಒರೆಸಿದ ಗುರುತು ಮಾತ್ರ. ಆಮೇಲೆ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ. ಅದರ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದಂತೆ, ಇದ್ಯಾವ ತಿರುಗುಮುರುಗು ನ್ಯಾಯ ಹೇಳಿ? ಕಿಂಡಿ ದೊಡ್ಡದಾದರೆ ಮುಂದಿನ ದಾಸವಾಳ ಮಾತ್ರ ಸ್ಪಷ್ಟ, ಹಿಂದಿನ ತೋಟವೆಲ್ಲ ಮಂಜು. ಕಡೆಗೆ ಐಎಸ್‌ಒ. ಅದನ್ನು ಏರಿಸಿದರೆ ಕತ್ತಲಲ್ಲೂ ಕಾಣುತ್ತದೆ, ಆದರೆ ಫೋಟೋದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕಿ. ಮೂರೂ ತಿಳಿಯಿತು. ಆದರೂ ನಿಮ್ಮ ಮುಖ ಕಪ್ಪಾದದ್ದೇಕೆ ಎಂಬುದು ತಿಳಿಯಲಿಲ್ಲ.

ಆ ಮಧ್ಯಾಹ್ನದ್ದನ್ನು ಎಷ್ಟು ಸಲ ನೆನಪು ಮಾಡಿಕೊಂಡೆನೋ. ಉಂಡೆ ಕೊಬ್ಬರಿಗೆ ಬಾರದ ಕಾಯಿಗಳನ್ನು ಒಡೆದು, ಅಂಗಳದ ತುಂಬ ಹೋಳುಗಳನ್ನು ಬಿಸಿಲಿಗೆ ಮೇಲ್ಮುಖವಾಗಿ ಹರಡಿದ್ದಿರಿ. ಕಣ್ಣು ಬಿಡಲಾರದಷ್ಟು ಬಿಳುಪು. ನೀವು ಅದರ ಆಚೆ ಜಗಲಿಯ ನೆರಳಲ್ಲಿ, ತಲೆ ತುಂಬ ಸೆರಗು ಹೊದ್ದು, ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಿರಿ. ನಾನು ಅಂಗಳದ ಈಚೆಯಿಂದ, ನಾಗ ಹೇಳಿದ್ದ ಹಾಗೆ ಆಟೋದಲ್ಲೇ ಇಟ್ಟು, ಕ್ಯಾಮೆರಾ ಎತ್ತಿದೆ. “ನಂದ್ಯಾಕೇ, ಹೋಳಿಂದೇ ತಗಿ” ಎಂದಿರಿ. ಆ ಬಿಸಿಲಿಗೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಪ್ರತಿ ಸಲವೂ ಸೆರಗಿನ ಮರೆ ಮಾಡಿಕೊಂಡು ನೋಡುವುದು, “ಅಯ್ಯೋ, ಮತ್ತೆ ಕಪ್ಪು” ಎನ್ನುವುದು. ಆಗ ನೀವು ಹೇಳಿದಿರಿ, “ನಿನ್ ಕ್ಯಾಮೆರಾ ಹೋಳು ನೋಡ್ತೈತೆ ಕಣೇ, ನನ್ನೆಲ್ಲಿ ನೋಡ್ತೈತೆ? ಬುಡು ಅತ್ಲಾಗೆ.” ಬೇಸರಕ್ಕೆ ಆಡಿದ ಮಾತು ಎಂದುಕೊಂಡು ಕ್ಯಾಮೆರಾ ಒಳಗಿಟ್ಟೆ. ಆಮೇಲೆ ಮೂರು ತಿಂಗಳಿಗೆ ನೀವೇ...

ಮೊನ್ನೆ ಹೋಳು ಒಣಗಿಸುವ ಕೆಲಸ ಮತ್ತೆ ಬಂತು. ಬಿಸಿಲಲ್ಲಿ ಹೋಳುಗಳದ್ದೇ ಒಂದು ಫೋಟೋ ತೆಗೆದೆ. ಅಷ್ಟು ಬಿಳಿ ಹೋಳು ಫೋಟೋದಲ್ಲಿ ಬೂದಿ ಬಣ್ಣ. ಅರೆ, ಹೀಗೋ ಎಂದುಕೊಂಡು ನಮ್ಮ ಕರಿ ಕಂಬಳಿಯನ್ನು ಅಲ್ಲೇ, ಅದೇ ಬಿಸಿಲಲ್ಲಿ ಹಾಸಿ ಅದರದ್ದೂ ತೆಗೆದೆ. ಅದೂ ಬೂದಿ ಬಣ್ಣ! ಕುಣಿಯುವುದೊಂದು ಬಾಕಿ. ಆಟೋದಲ್ಲಿರುವ ಕ್ಯಾಮೆರಾಕ್ಕೆ ಎದುರಿಗಿರುವುದು ಬಿಳಿಯೋ ಕರಿಯೋ ಗೊತ್ತಿಲ್ಲ ಅತ್ತೆ, ಎಲ್ಲವನ್ನೂ ನಡುಮಧ್ಯಕ್ಕೆ ತರಲು ನೋಡುತ್ತದೆ. ಬಿಳಿ ಹೆಚ್ಚಿದ್ದರೆ ಬೆಳಕು ಜಾಸ್ತಿಯಾಯಿತು ಎಂದು ತಾನೇ ತಗ್ಗಿಸುತ್ತದೆ. ಆಗ ನೆರಳಲ್ಲಿ ಕೂತವರು ಕಪ್ಪಾಗದೆ ಇನ್ನೇನಾದಾರು? ಕೂಡಿಸು-ಕಳೆ ಗುರುತಿನ ಗುಂಡಿಯೊಂದಿದೆ, ಅದನ್ನು ಎರಡು ಹೆಜ್ಜೆ ಕೂಡಿಸಿನ ಕಡೆಗೆ ತಿರುಗಿಸಿದ್ದರೆ ಸಾಕಿತ್ತು. ಕ್ಯಾಮೆರಾ ಮುಟ್ಟದ ನೀವು ಅವತ್ತೇ ಸರಿಯಾಗಿ ಹೇಳಿದ್ದಿರಿ, ಕಿವಿಗೆ ಹಾಕಿಕೊಳ್ಳದವಳು ನಾನು. ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ನಿನ್ನೆ ನಾಗ ಬಂದಿದ್ದ. ಹತ್ತೊಂಬತ್ತನ್ನೂ ಅಳಿಸದೆ ಇಟ್ಟಿದ್ದೇನೆ ಎಂದಾಗ ಗುಂಡಿ ಒತ್ತಿ ನೋಡಿ, “ಅಕ್ಕ, ನಾನು ಇದ್ನ ರಾ ಫೈಲ್‌ನಲ್ಲೇ ಮಡಗಿದ್ದೆ, ಕ್ಯಾಮೆರಾ ಕಂಡಿದ್ದೆಲ್ಲ ಅದ್ರಾಗೆ ಹಂಗೇ ಇರ್ತೈತೆ. ಕಪ್ಪೊಳಗೂ ಒಂದಿಷ್ಟು ಉಳ್ದಿರ್ತೈತೆ, ಎತ್ತಿ ನೋಡೋಣ ತಡಿ” ಎಂದ. ಲ್ಯಾಪ್‌ಟಾಪಿನಲ್ಲಿ ಒಂದೊಂದಕ್ಕೇ ಬೆಳಕು ಏರಿಸಿದ. ಮೊದಲಿನವುಗಳಲ್ಲಿ ನಿಮ್ಮ ಮುಖಕ್ಕೆ ಸೆರಗಿನ ಮರೆ. ಕೆಲವದರಲ್ಲಿ ಕಾಗೆಯ ಕಡೆಗೆ ತಿರುಗಿದ್ದೀರಿ. ಕಡೆಯದಕ್ಕೆ ಏರಿಸಿದಾಗ, ರವೆಯಂಥ ಚುಕ್ಕಿಗಳ ನಡುವಿನಿಂದ ನಿಮ್ಮ ಮುಖ ಮೆಲ್ಲಗೆ ಬಂತು. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದ್ದೀರಿ, ನೆಟ್ಟಗೆ ನನ್ನನ್ನೇ ನೋಡಿ ನಗುತ್ತಿದ್ದೀರಿ. ಕಿವಿಯಲ್ಲಿ ಬೆಂಡೋಲೆ.

ಮದುವೆಗಳಿಗಲ್ಲದೆ ಪೆಟ್ಟಿಗೆಯಿಂದ ತೆಗೆಯದ ಬೆಂಡೋಲೆಯನ್ನು ಕಾಗೆ ಓಡಿಸಲು ಯಾರಾದರೂ ಹಾಕಿಕೊಳ್ಳುತ್ತಾರೆಯೇ ಅತ್ತೆ? ನಂದ್ಯಾಕೇ ಎಂದವರು ಯಾವಾಗ ಎದ್ದು ಹೋಗಿ ಹಾಕಿಕೊಂಡು ಬಂದಿರಿ? ನನಗೊಂದು ಮಾತು ಹೇಳಬಾರದಿತ್ತೇ... ನಾನಾದರೂ ಆ ಪರದೆ ಬಿಟ್ಟು ಒಂದು ಸಲ ತಲೆ ಎತ್ತಿ ನೋಡಬಾರದಿತ್ತೇ.

ನಿಮ್ಮ ಮಗ ಬೆಳಿಗ್ಗೆಯೇ ಪ್ರಿಂಟು ಹಾಕಿಸಲು ತಿಪಟೂರಿಗೆ ಹೋಗಿದ್ದಾರೆ. ಫೋಟೋ ಚೆನ್ನಾಗಿ ಬಂದಿದೆ ಅತ್ತೆ. ಓಲೆ ಎರಡೂ ಕಾಣುತ್ತವೆ.

ನಿಮ್ಮ ಸೊಸೆ,
ಗೌರಿ