ಇನ್ನೆರಡು ಸಾಲು

ಗಿರಿಜಾ,

ನೀನು ಹೋದ ಕಡೆಗೆ ಅಂಚೆಯಿಲ್ಲ. ಇದ್ದಿದ್ದರೂ ನನಗೆ ಇದನ್ನು ಕಳಿಸುವ ಧೈರ್ಯ ಬರುತ್ತಿರಲಿಲ್ಲ.

ವಿಶಾಖಪಟ್ಟಣದಲ್ಲಿ ಕೊನೆಗೂ ಒಂದು ಇ-ರೀಡರ್ ಕೊಂಡೆ. "ಒಬ್ಬರು ಓದೋದಕ್ಕೆ ಈ ಚಿಕ್ಕದು ಸಾಕಂಡಿ" ಎಂದರು ಅಂಗಡಿಯವರು. ನಾನು ದೊಡ್ಡದನ್ನೇ ತಂದೆ. ಕಿಸೆಗೆ ಇಳಿಯದು, ಕೈಯಲ್ಲಿ ಉಳಿಯದು. ಆದರೆ ಕಾಗದದಷ್ಟೇ ತಣ್ಣಗೆ ಕಾಣುತ್ತದೆ, ಬಿಸಿಲಿಗೂ ಹೊಳೆಯುವುದಿಲ್ಲ.

ಇವತ್ತು ವಿಜಯವಾಡದ ರೈಲಿನಲ್ಲಿ ಅದನ್ನು ತೆರೆದು ಕೂತಿದ್ದೆ. ಕಿಟಕಿಯಾಚೆ ತೆಂಗು, ಗದ್ದೆಗಳು ತೇಲಿಹೋಗುತ್ತಿದ್ದವು. ಪಕ್ಕದ ಸೀಟಿನ ಹಿರಿಯಾಕೆ ಬಗ್ಗಿ, ತೆಲುಗಿನ ಅಂದಾಜಿನಲ್ಲಿ ನಮ್ಮ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರು. ನಾನು ಪುಟ ತಿರುಗಿಸಲು ಬೆರಳೆತ್ತಿದೆ.

"ಆಗಂಡಿ ಬಾಬೂ, ಇಂಕಾ ರೆಂಡು ಲೈನ್ಲು!"

ಒಂದೇ ಪುಸ್ತಕಕ್ಕೆ ತಲೆ ತಾಗಿಸಿ ಕೂತ ಅಷ್ಟೂ ವರ್ಷ ನೀನೂ ಅದನ್ನೇ ಹೇಳುತ್ತಿದ್ದೆ: "ಇರ್ರೀ, ಇನ್ನೆರಡು ಸಾಲಿದೆ." "ಬೇಗ ಓದಿದವರಿಗೆ ಪುಟ, ಉಳಿದವರಿಗೆ ಬರೀ ಹಟ" ಎಂದು ಪ್ರಾಸ ಕಟ್ಟಿ ನಾನು ತಿರುಗಿಸಿಯೇ ಬಿಡುತ್ತಿದ್ದೆ. ನೀನು ನಗುತ್ತಿದ್ದೆ.

ಬೆರಳಿಳಿಸಿ ಕಾದೆ. ಅವರು ಓದಿ ಮುಗಿಸಿ ತಲೆಯಾಡಿಸಿದರು.

ರಾಜಮಂಡ್ರಿಯಲ್ಲಿ ಅವರು ಇಳಿದುಹೋದರು. ಆಮೇಲೂ, ಗೋದಾವರಿಯ ಮೇಲೆ, ಅದರಾಚೆ ವಿಜಯವಾಡದವರೆಗೂ, ಪ್ರತಿ ಪುಟದ ಕೊನೆಗೆ ಎರಡು ಸಾಲಿನಷ್ಟು ಹೊತ್ತು ಕಾದೇ ಮುಂದೆ ಹೋದೆ.